ವೀರ್ಯಾಣುವಿನಿಂದ ಮಿದುಳಿನ ಗೆಡ್ಡೆಯವರೆಗೆ: ಎಂ.ಆರ್.ಎಸ್. ರಾವ್ ಸಂಶೋಧನೆಯ ಹಾದಿ

ವಿಜ್ಞಾನಿಯೊಬ್ಬರ ಪ್ರಬಂಧಗಳನ್ನು ಎಣಿಸುವವರೇ ಹೆಚ್ಚು, ಒಂದರ ಹಿಂದೊಂದು ಇಟ್ಟು ಓದುವವರು ಕಡಿಮೆ. ಮೈಸೂರಿನಲ್ಲಿ 1948ರಲ್ಲಿ ಹುಟ್ಟಿ 2023ರಲ್ಲಿ ತೀರಿಕೊಂಡ ಎಂ.ಆರ್.ಎಸ್. ರಾವ್ ಅವರ ಕೆಲಸವನ್ನು ಹಾಗೆ ಓದಲೇಬೇಕು. ಮೇಲ್ನೋಟಕ್ಕೆ ಅಲ್ಲಿ ಕಾಣುವುದು ಸಂಬಂಧವಿಲ್ಲದ ಎರಡು ವಿಷಯ: ಇಲಿಯ ವೃಷಣ, ಮನುಷ್ಯನ ಕ್ಯಾನ್ಸರ್. ಎರಡರಲ್ಲೂ ಅವರು ಹುಡುಕಿದ್ದು ಒಂದನ್ನೇ. ಯಾವ ಜೀನ್ ಯಾವಾಗ ತೆರೆದಿರಬೇಕು, ಯಾವಾಗ ಮುಚ್ಚಿರಬೇಕು ಎಂಬುದು ಜೀವಕೋಶದೊಳಗೆ ಹೇಗೆ ತೀರ್ಮಾನವಾಗುತ್ತದೆ?

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ಹುಡುಕಾಟ ವೀರ್ಯಾಣುವಿನಿಂದ ಶುರುವಾಯಿತು. ವೀರ್ಯಾಣು ರೂಪುಗೊಳ್ಳುವಾಗ ಡಿಎನ್‌ಎ ಸುತ್ತಿಕೊಂಡಿದ್ದ ಹಿಸ್ಟೋನ್ ಪ್ರೋಟೀನುಗಳು ಜಾಗ ಬಿಡುತ್ತವೆ. ಕೊನೆಗೆ ಅಲ್ಲಿ ಪ್ರೋಟಮೈನ್ ಬಂದು ಕೂರುತ್ತದೆ. ನಡುವಿನ ಸ್ವಲ್ಪ ಕಾಲ ಡಿಎನ್‌ಎಯನ್ನು ನೋಡಿಕೊಳ್ಳುವುದು ಟಿಪಿ1, ಟಿಪಿ2 ಎಂಬ ಪ್ರೋಟೀನುಗಳು. ಟಿಪಿ2ಗೆ ಸತುವಿನ ಆಸರೆ ಬೇಕೆಂದು ರಾವ್ ಅವರ ತಂಡ 1991ರಲ್ಲಿ ತೋರಿಸಿತು. ಅದು ಸಿಪಿಜಿ ದ್ವೀಪವೆಂಬ ಡಿಎನ್‌ಎ ಭಾಗವನ್ನು ಗುರುತಿಸಬಲ್ಲದೆಂದು 1996ರಲ್ಲಿ ಬರೆದವರು ತಪಸ್ ಕುಂಡು ಮತ್ತು ರಾವ್. ಕ್ಯಾನ್ಸರ್ ಕೋಶಗಳಲ್ಲಿ ಎಷ್ಟೋ ಜೀನುಗಳ ಬಾಯಿ ಮುಚ್ಚುವುದು ಇಂಥ ದ್ವೀಪಗಳ ಮೇಲೆ ಮಿಥೈಲ್ ಗುಂಪುಗಳು ಕೂತಾಗಲೇ.

ರಾವ್ ಮುಂದೆ ಕೈಗೆತ್ತಿಕೊಂಡ ಮಿದುಳಿನ ಗೆಡ್ಡೆಯ ಕೆಲಸ ಒಬ್ಬರಿಂದ ಆಗುವಂಥದ್ದಲ್ಲ. ಕುಮಾರವೇಲ್ ಸೋಮಸುಂದರಂ, ಪಿ. ಕೊಂಡಯ್ಯ, ನಿಮ್ಹಾನ್ಸ್‌ನ ವಾಣಿ ಸಂತೋಷ್, ಶಸ್ತ್ರಚಿಕಿತ್ಸಕ ಎ.ಎಸ್. ಹೆಗ್ಡೆ ಎಲ್ಲರೂ ಕೈಜೋಡಿಸಿದರು. ಗೆಡ್ಡೆ ಉಗ್ರವಾಗುತ್ತಾ ಹೋದಂತೆ ಎಎಸ್‌ಸಿಎಲ್1 ಜೀನ್ ಹೆಚ್ಚು ಚುರುಕಾಗಿ ನಾಚ್ ಸಂಕೇತವ್ಯವಸ್ಥೆ ಕುಗ್ಗುತ್ತದೆ ಎಂದು ಅವರು 2005ರಲ್ಲಿ ‘ಆಂಕೊಜೀನ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಭ್ರೂಣದಲ್ಲಿ ನರಕೋಶಗಳನ್ನು ರೂಪಿಸುವ ಜೀನುಗಳಿವು. ಮಿದುಳಿನ ಅತಿ ಉಗ್ರ ಗೆಡ್ಡೆಯಾದ ಗ್ಲಯೊಬ್ಲಾಸ್ಟೋಮಾ ಕುರಿತ ಅಮೆರಿಕದ ದೊಡ್ಡ ಜೀನೋಮ್ ಯೋಜನೆಯ ಮೊದಲ ವರದಿ ಬಂದದ್ದು 2008ರಲ್ಲಿ. ಬೆಂಗಳೂರಿನವರು ಅದಕ್ಕೆ ಕಾದು ಕೂರಲಿಲ್ಲ ಎಂಬುದನ್ನು ನಾವು ಹೆಮ್ಮೆಯಿಂದ ನೆನೆಯಬೇಕು.

ಈ ಸಂಶೋಧನೆಗೆ ಅಂಗಾಂಶ ಒದಗಿದ್ದು ಶಸ್ತ್ರಚಿಕಿತ್ಸೆಗೆ ಬಂದ ರೋಗಿಗಳಿಂದ. ಪ್ರಬಂಧದ ತಲೆಯಲ್ಲಿ ರೋಗಿಗಳ ಹೆಸರಿರುವುದಿಲ್ಲ. ಅವರು ಕೊಟ್ಟದ್ದಿಲ್ಲದಿದ್ದರೆ ಆ ಪ್ರಬಂಧವೇ ಇರುತ್ತಿರಲಿಲ್ಲ.

ರಕ್ತದಲ್ಲೇ ಗೆಡ್ಡೆಯ ಸುಳಿವು ಸಿಗಬಹುದೆಂದು ಪಿಬಿಇಎಫ್1 ಪ್ರೋಟೀನನ್ನು ಇದೇ ಬಳಗ 2008ರಲ್ಲಿ ಮುಂದಿಟ್ಟಿತು. ಅದು ಆಸ್ಪತ್ರೆಯ ದಿನನಿತ್ಯದ ಪರೀಕ್ಷೆಯಾಗಲಿಲ್ಲ. ಇಷ್ಟಕ್ಕೇ ಆ ಶ್ರಮವನ್ನು ವ್ಯರ್ಥ ಎನ್ನಲಾಗದು. ವಿಕಿರಣ ಚಿಕಿತ್ಸೆಗೆ ಟೆಮೊಜೊಲಮೈಡ್ ಔಷಧ ಸೇರಿಸಿದಾಗಲೂ ಗ್ಲಯೊಬ್ಲಾಸ್ಟೋಮಾ ರೋಗಿಗಳು ಬದುಕುಳಿಯುವ ಮಧ್ಯಾಂಕ ಅವಧಿ 12.1 ತಿಂಗಳಿನಿಂದ 14.6ಕ್ಕೆ ಏರಿತಷ್ಟೇ ಎಂದು 2005ರ ಯುರೋಪ್-ಕೆನಡಾ ಅಧ್ಯಯನ ಹೇಳಿತ್ತು. ಅಂಥ ರೋಗದಲ್ಲಿ ಪ್ರತಿ ಸುಳಿವನ್ನೂ ಬೆನ್ನಟ್ಟಲೇಬೇಕು. ಸೋಮಸುಂದರಂ ಬಳಗ 2013ರಲ್ಲಿ ಡಿಎನ್‌ಎ ಮಿಥೈಲೀಕರಣದ ಗುರುತುಗಳಿಂದ ರೋಗಿಯ ಮುನ್ನೋಟ ತಿಳಿಯುವ ದಾರಿಯನ್ನು ‘ಕ್ಯಾನ್ಸರ್ ರಿಸರ್ಚ್’ನಲ್ಲಿ ವಿವರಿಸಿತು.

ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದ ಅಧ್ಯಕ್ಷರಾಗಿದ್ದ ವರ್ಷಗಳಲ್ಲೂ ರಾವ್ ವೃಷಣವನ್ನು ಬಿಟ್ಟಿರಲಿಲ್ಲ. ಅವರ ತಂಡ 2004ರಲ್ಲಿ ಇಲಿಯಲ್ಲಿ ಪ್ರೋಟೀನು ತಯಾರಿಸದ ಆರ್‌ಎನ್‌ಎ ಒಂದನ್ನು ಕಂಡು ‘ಎಂಆರ್‌ಎಚ್‌ಎಲ್’ ಎಂದು ಕರೆಯಿತು. ಅದು ವೃಷಣದ ಕೋಶಗಳಲ್ಲಿ ಡಬ್ಲ್ಯುಎನ್‌ಟಿ ಸಂಕೇತವ್ಯವಸ್ಥೆಯನ್ನು ಹತ್ತಿಕ್ಕುತ್ತದೆಂದು 2012ರಲ್ಲಿ ತಿಳಿಯಿತು. ಕ್ಯಾನ್ಸರ್‌ಗಳಲ್ಲಿ ಪದೇ ಪದೇ ಹಳಿ ತಪ್ಪುವ ವ್ಯವಸ್ಥೆಯದು. ಆ ಆರ್‌ಎನ್‌ಎಯ ಮಾನವ ರೂಪ ದೀರ್ಘಕಾಲೀನ ಮೈಲಾಯ್ಡ್ ರಕ್ತಕ್ಯಾನ್ಸರಿನಲ್ಲಿ ತನ್ನ ಆತಿಥೇಯ ಜೀನ್ ಪಿಎಚ್‌ಕೆಬಿಯನ್ನು ಚುರುಕುಗೊಳಿಸುತ್ತದೆಂದು ರಾವ್ ಮತ್ತು ಸಂಗಡಿಗರು ವರದಿ ಮಾಡಿದ್ದು 2019ರಲ್ಲಿ, ಅವರ ಎಪ್ಪತ್ತು ದಾಟಿದ ವಯಸ್ಸಿನಲ್ಲಿ.