ಅಪ್ಪನ ರಕ್ತ

ಕುಡುಕನ ಮಗನಿಗೆ ಹೆಣ್ಣು ಕೊಡಲು ನಾವು ಹಿಂಜರಿಯುತ್ತೇವೆ. ಕಾರಣ ಕೇಳಿದರೆ 'ಅಪ್ಪನ ರಕ್ತ ಅಲ್ಲವೇ' ಎನ್ನುತ್ತೇವೆ. ಈ ಮಾತು ನಮ್ಮ ಊರಿನದು ಮಾತ್ರವಲ್ಲ. 1933ರ ಜುಲೈಯಲ್ಲಿ ಹಿಟ್ಲರನ ಜರ್ಮನಿ ಇದನ್ನೇ ಕಾನೂನು ಮಾಡಿತು. ವಂಶದಲ್ಲಿ ರೋಗವಿದೆ ಎನ್ನಲಾದವರಿಗೆ ಬಲವಂತವಾಗಿ ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸುವ ಆ ಕಾನೂನಿನ ವ್ಯಾಪ್ತಿಗೆ ವಿಪರೀತ ಕುಡುಕರನ್ನೂ ತರಲಾಗಿತ್ತು. ಕುಡಿತ ವಂಶದಲ್ಲಿ ಬರುತ್ತದೆಂಬುದಕ್ಕೆ ಆಗ ಸರಿಯಾದ ಪುರಾವೆಯೇ ಇರಲಿಲ್ಲ. ತೀರ್ಪು ಮೊದಲು ಬಂತು, ವಿಚಾರಣೆ ಆಮೇಲೆ.

ವಿಚಾರಣೆ ಸುಲಭದ್ದೂ ಆಗಿರಲಿಲ್ಲ. ಕುಡುಕನ ಮಗ ಬೆಳೆಯುವುದು ಕುಡುಕನ ಮನೆಯಲ್ಲೇ. ಅವನು ನೋಡಿ ಕಲಿತದ್ದೆಷ್ಟು, ಹುಟ್ಟಿನಿಂದ ಪಡೆದದ್ದೆಷ್ಟು? ಅಮೆರಿಕದ ಮನೋವೈದ್ಯ ಡೊನಾಲ್ಡ್ ಗುಡ್‌ವಿನ್ ಮತ್ತು ಸಂಗಡಿಗರು ಇದನ್ನು ಬಿಡಿಸಲು ಡೆನ್ಮಾರ್ಕಿನ ದತ್ತು ದಾಖಲೆಗಳನ್ನು ತೆರೆದರು. ಹುಟ್ಟಿದ ಕೆಲವೇ ವಾರಗಳಲ್ಲಿ ಬೇರೆಯವರ ಮಡಿಲು ಸೇರಿದ ಗಂಡುಮಕ್ಕಳನ್ನು, ಅವರು ದೊಡ್ಡವರಾದ ಮೇಲೆ ಹುಡುಕಿ ಮಾತನಾಡಿಸಿದರು. 1973ರಲ್ಲಿ ಫಲಿತಾಂಶ ಬಂತು. ಹೆತ್ತವರಲ್ಲಿ ಒಬ್ಬರಾದರೂ ಕುಡಿತದ ದಾಸರಾಗಿದ್ದ 55 ಮಂದಿಯಲ್ಲಿ 10 ಮಂದಿ ಅದೇ ಹಾದಿ ಹಿಡಿದಿದ್ದರು. ಅಂಥ ಹಿನ್ನೆಲೆಯಿಲ್ಲದ 78 ಮಂದಿಯಲ್ಲಿ 4 ಮಂದಿ ಮಾತ್ರ. ವಂಶಕ್ಕೆ ಪಾಲಿರುವುದು ನಿಜ ಎಂದಾಯಿತು. ಆದರೆ ಉಳಿದ 45 ಮಂದಿ? ಸಂಬಂಧ ನೋಡುವಾಗ ಅವರ ಸುದ್ದಿ ಬರುವುದೇ ಇಲ್ಲ.

ವಂಶದಿಂದ ಬರುವುದಾದರೂ ಏನು? ಬಾಟಲಿಯ ಆಸೆಯಂತೂ ಅಲ್ಲ. ರಾಬರ್ಟ್ ಕ್ಲೋನಿಂಜರ್ ಮತ್ತು ಸ್ವೀಡನ್ನಿನ ಇಬ್ಬರು ಸಂಶೋಧಕರು 431 ಮಕ್ಕಳ ಸ್ವಭಾವವನ್ನು 11ನೇ ವಯಸ್ಸಿನಲ್ಲಿ ದಾಖಲಾದಂತೆ ತೆಗೆದುಕೊಂಡು, 27ನೇ ವಯಸ್ಸಿನಲ್ಲಿ ಅವರೇನಾದರೆಂದು ನೋಡಿ 1988ರಲ್ಲಿ ಪ್ರಕಟಿಸಿದರು. ಹೊಸತಿಗೆ ಹಾತೊರೆಯುವ, ಅಪಾಯಕ್ಕೆ ಅಂಜದ ಮಕ್ಕಳೇ ಚಿಕ್ಕ ವಯಸ್ಸಿನಲ್ಲಿ ಕುಡಿತಕ್ಕೆ ಬೀಳುವ ಸಾಧ್ಯತೆ ಹೆಚ್ಚಾಗಿತ್ತು. ಮೇಷ್ಟ್ರು 'ತಂಟೆಕೋರ' ಎಂದು ಹಿಂದಿನ ಬೆಂಚಿಗೆ ಕಳಿಸುವ ಹುಡುಗ ಇವನೇ. ಅಲೆಗೆ ಅಂಜದೆ ದೋಣಿ ಇಳಿಸುವವನೂ ಇವನೇ ಆಗಬಹುದು.

1996ರಲ್ಲಿ ಈ ಹಾತೊರೆತಕ್ಕೆ ಒಂದು ಜೀನ್ ಸಿಕ್ಕಿತೆಂದು ಎರಡು ತಂಡಗಳು ಹೇಳಿದವು. ಮುಂದಿನ ಎಷ್ಟೋ ಅಧ್ಯಯನಗಳಲ್ಲಿ ಅದು ನಿಲ್ಲಲಿಲ್ಲ. ಸುಮಾರು 12 ಲಕ್ಷ ಜನರನ್ನು ಒಳಗೊಂಡ 2019ರ ಅಧ್ಯಯನವೊಂದು ತಂಬಾಕು ಮತ್ತು ಮದ್ಯದ ಚಟಗಳಿಗೆ ಸಂಬಂಧಿಸಿದಂತೆ ವಂಶವಾಹಿಯಲ್ಲಿ 400ಕ್ಕೂ ಹೆಚ್ಚು ಜಾಗಗಳನ್ನು ಗುರುತಿಸಿತು. ಒಂದೊಂದರ ಪ್ರಭಾವವೂ ತೀರಾ ಅತ್ಯಲ್ಪ.

ಇಷ್ಟೆಲ್ಲದರ ನಡುವೆ ನಮ್ಮನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ವಿಯೆಟ್ನಾಂ ಯುದ್ಧದ ಒಂದು ಲೆಕ್ಕ. 1971ರಲ್ಲಿ ಮರಳಿದ ಅಮೆರಿಕದ ಸೈನಿಕರನ್ನು ಸಮಾಜವಿಜ್ಞಾನಿ ಲೀ ರಾಬಿನ್ಸ್ ಅಧ್ಯಯನ ಮಾಡಿದರು. ಐವರಲ್ಲಿ ಒಬ್ಬ ಅಲ್ಲಿ ಹೆರಾಯಿನ್‌ನಂಥ ಮಾದಕ ವಸ್ತುವಿಗೆ ದಾಸನಾಗಿದ್ದ. ಸೇನೆ ಸೇರುವ ಮೊದಲೇ ಪುಂಡರೆನಿಸಿಕೊಂಡವರು ಅದನ್ನು ಹೆಚ್ಚಾಗಿ ಹಿಡಿದಿದ್ದರು. ಸ್ವಭಾವ ತನ್ನ ಕೆಲಸ ಮಾಡಿತ್ತು. ಆದರೆ ಹಾಗೆ ದಾಸರಾಗಿದ್ದವರಲ್ಲಿ, ಊರಿಗೆ ಮರಳಿದ ಮೊದಲ ವರ್ಷ ಮತ್ತೆ ಆ ಚಟಕ್ಕೆ ಬಿದ್ದವರು ನೂರಕ್ಕೆ ಸುಮಾರು ಐದು ಮಂದಿ. ಅವರ ರಕ್ತ ಅದೇ ಇತ್ತು. ಹೆರಾಯಿನ್ ಅಗ್ಗವಾಗಿ ಕೈಗೆ ಸಿಗುತ್ತಿದ್ದ ಬಿಡಾರ ಮಾತ್ರ ಹಿಂದೆ ಉಳಿದಿತ್ತು.