ಧಾತು ಈಶ್ವರ ಸಂವತ್ಸರಗಳ ಮಹಾಕ್ಷಾಮ: ಮೈಸೂರು ಸೀಮೆ ತೆತ್ತ ಬೆಲೆ

1876ರಿಂದ 1878ರವರೆಗೆ ದಕ್ಷಿಣ ಭಾರತವನ್ನು ಆವರಿಸಿದ ಮಹಾಕ್ಷಾಮವನ್ನು ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರಗಳ ಬರವೆಂದು ಕರೆದರು. ಮಳೆ ತಪ್ಪುವುದು ಮನುಷ್ಯನ ಕೈಯಲ್ಲಿಲ್ಲವೆಂಬುದನ್ನು ಯಾರೂ ಅಲ್ಲಗಳೆಯಲಾರರು. ಆದರೆ ಮಳೆ ತಪ್ಪಿದ ನಾಡಿನಲ್ಲಿ ಪ್ರಜೆಗಳು ಲಕ್ಷಗಟ್ಟಲೆ ಸಾಯುವುದಕ್ಕೂ ಆಕಾಶವೇ ಹೊಣೆಯೆ, ಇಲ್ಲವೆ ಆ ಹೊಣೆಯಲ್ಲಿ ಆಳಿದವರಿಗೂ ಪಾಲುಂಟೆ ಎಂಬುದು ಇತಿಹಾಸಕಾರನು ಕೇಳಲೇಬೇಕಾದ ಪ್ರಶ್ನೆ. ಪರಕೀಯ ಆಳ್ವಿಕೆಯ ಬೆಲೆಯನ್ನು ಹಣದಲ್ಲಿಯೂ ಜೀವದಲ್ಲಿಯೂ ಅಳೆದು, ಅದನ್ನು ಕಡೆಗೆ ತೆತ್ತವರು ಯಾರೆಂಬುದನ್ನು ನಿರ್ಣಯಿಸುವುದು ಈ ಲೇಖನದ ಉದ್ದೇಶ. ಈ ವಿಚಾರಣೆಗೆ ಮೈಸೂರನ್ನು ಆರಿಸಿಕೊಂಡುದಕ್ಕೆ ಕಾರಣವಿದೆ: 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಂದ ರಾಜ್ಯಾಡಳಿತವನ್ನು ತೆಗೆದುಕೊಂಡಂದಿನಿಂದ 1881ರಲ್ಲಿ ಚಾಮರಾಜೇಂದ್ರ ಒಡೆಯರಿಗೆ ಅದನ್ನು ಹಿಂದಿರುಗಿಸುವವರೆಗೆ ಐವತ್ತು ವರ್ಷ ಈ ಸೀಮೆಯನ್ನು ಆಂಗ್ಲ ಕಮಿಷನರುಗಳೇ ನೇರವಾಗಿ ಆಳಿದುದರಿಂದ, ಇಲ್ಲಿ ಹೊಣೆಯನ್ನು ದೇಶೀಯ ಅರಸರ ಮೇಲೆ ಹೊರಿಸುವ ಅವಕಾಶವೇ ಇಲ್ಲ.

1

ಬಯಲುಸೀಮೆಯ ರೈತನಿಗೆ ಅನಾವೃಷ್ಟಿ ಅಪರಿಚಿತವಾದುದಲ್ಲ. ಅದನ್ನು ಎದುರಿಸುವ ಸಾಧನಗಳನ್ನು ಅವನು ಶತಮಾನಗಳಿಂದ ರೂಢಿಸಿಕೊಂಡಿದ್ದನು. ಅವುಗಳಲ್ಲಿ ಮೊದಲನೆಯದು ಕೆರೆ, ಎರಡನೆಯದು ಹಗೇವು. ನೀರು ನಿಲ್ಲದ ಗಟ್ಟಿ ನೆಲದಲ್ಲಿ ಬಾಯಿ ಕಿರಿದಾಗಿ ಒಡಲು ಹಿರಿದಾಗಿರುವಂತೆ ಗುಳಿ ತೋಡಿ, ಒಳಸುತ್ತಿಗೆಲ್ಲ ಹುಲ್ಲು ಒತ್ತಿ, ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತಿದರೆ ಆ ಧಾನ್ಯವು ವರ್ಷಾನುವರ್ಷ ಕೆಡದೆ ಉಳಿಯುತ್ತಿತ್ತು. ತೆರೆದೊಡನೆ ಒಳಗಿಳಿದವನು ಉಸಿರುಕಟ್ಟಿ ಸಾಯುವ ಭಯವಿದ್ದುದರಿಂದ, ಬಾಯಿ ತೆಗೆದು ಗಾಳಿಯಾಡಿಸಿ ಬಳಿಕವೇ ಇಳಿಯುವುದು ವಾಡಿಕೆ. ಒಂದು ವರ್ಷದ ಬೆಳೆ ಹೋದರೆ ಹಗೇವಿನ ರಾಗಿ ಕಾಯುತ್ತಿತ್ತು. ಅದು ತುಂಬಿರಬೇಕಾದರೆ ಸುಗ್ಗಿಯಲ್ಲಿ ರೈತನ ಕೈಯಲ್ಲಿ ಮಿಗುವಷ್ಟು ಧಾನ್ಯ ಉಳಿಯಬೇಕಿತ್ತು.

ಕಮಿಷನ್ ಆಡಳಿತದಲ್ಲಿ ಬೆಳೆಯ ಪಾಲನ್ನು ಸರ್ಕಾರಕ್ಕೆ ಅಳೆಯುವ ವಾರದ ಪದ್ಧತಿ ಕ್ರಮೇಣ ಹಿಂದೆ ಸರಿದು ನಗದು ಕಂದಾಯವು ನೆಲೆಯೂರಿತು. 1863ರಿಂದೀಚೆಗೆ ಮುಂಬಯಿ ಆಧಿಪತ್ಯದ ಮಾದರಿಯ ಭೂಮಾಪನ ಮತ್ತು ಜಮಾಬಂದಿ ಆರಂಭವಾಯಿತು. ಪಾಲಿನ ಪದ್ಧತಿಯಲ್ಲಿ ಬೆಳೆ ಕುಗ್ಗಿದಂತೆ ಸರ್ಕಾರದ ಹಕ್ಕೂ ಕುಗ್ಗುತ್ತಿದ್ದರೆ, ನಗದು ಪದ್ಧತಿಯಲ್ಲಿ ಕಿಸ್ತಿನ ಗಡುವಿಗೆ ಹಣ ಹೊಂದಿಸಲು ರೈತನು ಧಾರಣೆ ಇಳಿದಿರುವ ಸುಗ್ಗಿಯಲ್ಲಿಯೇ ಧಾನ್ಯವನ್ನು ಮಾರಬೇಕಾಗಿ ಬಂದಿತು. ಇದರಿಂದ ಕಾಗದಪತ್ರಗಳಲ್ಲಿ ಆಡಳಿತವು ಕ್ರಮಬದ್ಧವಾಗಿ ತೋರಿತಾದರೂ, ಆಪತ್ಕಾಲಕ್ಕೆ ಒದಗುವ ಗ್ರಾಮದ ಸ್ವಂತ ಶಕ್ತಿಯು ಒಳಗಿನಿಂದ ಕ್ಷೀಣಿಸಿತೆಂದು ನಾನು ಭಾವಿಸುತ್ತೇನೆ. ಆಡಳಿತದ ದುಂದುವೆಚ್ಚವನ್ನೂ ದೊಡ್ಡ ಹುದ್ದೆಗಳಲ್ಲಿ ಯೂರೋಪಿಯನ್ನರೇ ತುಂಬಿದುದನ್ನೂ ಖಂಡಿಸಿ, ಮುಂದೆ ದಿವಾನರಾದ ಸಿ. ರಂಗಾಚಾರ್ಲು ಅವರು 1874ರಲ್ಲಿಯೇ, ಅಂದರೆ ಕ್ಷಾಮಕ್ಕೆ ಎರಡು ವರ್ಷ ಮುಂಚೆಯೇ, ಒಂದು ಕಿರುಹೊತ್ತಗೆಯನ್ನು ಹೊರತಂದಿದ್ದರೆಂಬುದು ಇಲ್ಲಿ ಸ್ಮರಣೀಯ.

2

1875ರಲ್ಲಿಯೇ ಕುಂದಿದ ಮಳೆ 1876ರಲ್ಲಿ ಪೂರ್ತಿಯಾಗಿ ಕೈಕೊಟ್ಟಿತು. ಕೋಲಾರ, ತುಮಕೂರು, ಚಿತ್ರದುರ್ಗಗಳ ಮೈದಾನ ಪ್ರದೇಶವು ಅತಿಯಾಗಿ ನೊಂದಿತು. ಮಲೆನಾಡು ಬಹುಮಟ್ಟಿಗೆ ಉಳಿದುಕೊಂಡಿತು. ರೈಲು ಬೆಂಗಳೂರಿನವರೆಗೆ ಮಾತ್ರ ಬರುತ್ತಿದ್ದಿತಾಗಿ, ಮದರಾಸಿನಿಂದ ಬಂದ ಧಾನ್ಯವನ್ನು ಅಲ್ಲಿಂದ ಒಳನಾಡಿಗೆ ಎತ್ತಿನ ಗಾಡಿಗಳೇ ಸಾಗಿಸಬೇಕಿತ್ತು. ಆ ಎತ್ತುಗಳೋ ಮೇವಿಲ್ಲದೆ ಸಾಯುತ್ತಿದ್ದವು. ಹಸಿದವರು ಊರು ತೊರೆದು ಬೆಂಗಳೂರಿನ ಗಂಜಿಕೇಂದ್ರಗಳತ್ತ ಗುಂಪುಗುಂಪಾಗಿ ನಡೆದುಬಂದರು. ಆ ದಿನಗಳಲ್ಲಿಯೇ, 1877ರ ಜನವರಿ 1ರಂದು, ವೈಸರಾಯ್ ಲಿಟ್ಟನ್ ದೆಹಲಿಯಲ್ಲಿ ದರ್ಬಾರು ನೆರೆಸಿ ವಿಕ್ಟೋರಿಯಾ ರಾಣಿಯನ್ನು ಭಾರತದ ಚಕ್ರವರ್ತಿನಿಯೆಂದು ಸಾರಿದನು.

ಅದೇ ತಿಂಗಳು ಸರ್ ರಿಚರ್ಡ್ ಟೆಂಪಲ್ ವಿಶೇಷಾಧಿಕಾರಿಯಾಗಿ ದಕ್ಷಿಣಕ್ಕೆ ಬಂದನು. ಆಗ ಮದರಾಸು ಆಧಿಪತ್ಯಕ್ಕೆ ಸೇರಿದ್ದ ಬಳ್ಳಾರಿಯೇ ಮೊದಲಾದ ಜಿಲ್ಲೆಗಳಲ್ಲಿ, ಕಾಮಗಾರಿಯಲ್ಲಿ ದಿನವಿಡೀ ಮಣ್ಣು ಹೊರುವ ಗಂಡಾಳಿಗೆ ಒಂದು ಪೌಂಡು ಧಾನ್ಯದ ಬೆಲೆ, ಮೇಲೆ ಒಂದು ಆಣೆ, ಇಷ್ಟನ್ನೇ ಕೂಲಿಯೆಂದು ಅವನು ಗೊತ್ತುಮಾಡಿದನು. ಇಷ್ಟರಿಂದ ದುಡಿಯುವ ದೇಹವು ಉಳಿಯಲಾರದೆಂದು ಮದರಾಸಿನ ಆರೋಗ್ಯಾಧಿಕಾರಿ ಡಾಕ್ಟರ್ ಕಾರ್ನಿಷ್ ಪ್ರತಿಭಟಿಸಿದನು. ತಿಂಗಳುಗಟ್ಟಲೆ ವಾದವಾದ ಬಳಿಕ ಕೂಲಿ ಹೆಚ್ಚಿತಾದರೂ, ಆ ವಾದದ ಅವಧಿಯನ್ನು ಹಸಿದ ದೇಹಗಳು ಕಾಯಲಿಲ್ಲ.

ಆ ಕಾಲದ ಜ್ಞಾನಕ್ಕೂ ಸಾಧನಕ್ಕೂ ಇದಕ್ಕಿಂತ ಹೆಚ್ಚು ಸಾಧ್ಯವಿರಲಿಲ್ಲವೆಂದು, ಅಧಿಕಾರಿಗಳಲ್ಲಿ ಹಲವರು ಮನಃಪೂರ್ವಕವಾಗಿಯೇ ದುಡಿದರೆಂದು ಸಮರ್ಥಿಸುವವರುಂಟು. ಎರಡನೆಯ ಮಾತು ದಿಟ. ಮೊದಲನೆಯದಕ್ಕೆ ಟೆಂಪಲನ ಚರಿತ್ರೆಯೇ ಉತ್ತರ. 1873–74ರಲ್ಲಿ ಬಿಹಾರದಲ್ಲಿ ಬೆಳೆ ನಾಶವಾದಾಗ ಇವನೇ ಬರ್ಮಾದಿಂದ ಸುಮಾರು ಐದು ಲಕ್ಷ ಟನ್ ಅಕ್ಕಿ ತರಿಸಿ, ಉದಾರವಾಗಿ ಹಂಚಿ, ಹಸಿವಿನ ಸಾವು ಬಹುತೇಕ ಆಗದಂತೆ ತಡೆದಿದ್ದನು. ಆ ಸತ್ಕಾರ್ಯಕ್ಕೆ ಅವನಿಗೆ ದೊರೆತುದು ದುಂದುಗಾರನೆಂಬ ನಿಂದೆ. ವ್ಯಾಪಾರದಲ್ಲಿ ಸರ್ಕಾರ ಕೈಹಾಕಕೂಡದೆಂಬ ಸಿದ್ಧಾಂತಕ್ಕೂ ಮಿತವ್ಯಯದ ಕಟ್ಟಪ್ಪಣೆಗೂ ತಲೆಬಾಗಿ ಅವನು ದಕ್ಷಿಣಕ್ಕೆ ಬಂದನು. ಮೂರು ವರ್ಷಗಳ ಅಂತರದಲ್ಲಿ ಬದಲಾದುದು ಸರ್ಕಾರದ ಸಾಮರ್ಥ್ಯವಲ್ಲ, ಅದರ ಸಂಕಲ್ಪ.

3

ಫಲವನ್ನು ಜನಗಣತಿ ಹೇಳುತ್ತದೆ. 1871ರಲ್ಲಿ ಮೈಸೂರಿನ ಜನಸಂಖ್ಯೆ 50,55,412 ಇದ್ದುದು 1881ರಲ್ಲಿ 41,86,188ಕ್ಕೆ ಇಳಿಯಿತು. ಅಂದರೆ ಸುಮಾರು 8 ಲಕ್ಷ 70 ಸಾವಿರ, ಆರರಲ್ಲಿ ಒಬ್ಬರಂತೆ ಕಡಿಮೆಯಾದರು. ನೆಮ್ಮದಿಯ ಕಾಲದಲ್ಲಿ ಸಹಜವಾಗಿ ಆಗಬೇಕಿದ್ದ ವೃದ್ಧಿಯನ್ನು ಪರಿಗಣಿಸಿದರೆ ನಷ್ಟದ ಪ್ರಮಾಣ ಇನ್ನೂ ಹಿರಿದು. 1891ರ ಗಣತಿ ತೋರಿಸುವುದು 49,43,604. ಇಪ್ಪತ್ತು ವರ್ಷ ಕಳೆದರೂ ನಾಡು ಕ್ಷಾಮಪೂರ್ವದ ಸಂಖ್ಯೆಯನ್ನು ಮುಟ್ಟಿರಲಿಲ್ಲ. ಮುಂಬಯಿ ಆಧಿಪತ್ಯದ ಕನ್ನಡ ಜಿಲ್ಲೆಯಾದ ಕಲಾದಗಿಯಲ್ಲಿ (ಮುಂದೆ ವಿಜಾಪುರ ಜಿಲ್ಲೆಯೆನಿಸಿದುದು) 1872ರಲ್ಲಿ 8 ಲಕ್ಷ 16 ಸಾವಿರದಷ್ಟಿದ್ದ ಜನ 1881ರಲ್ಲಿ 6 ಲಕ್ಷ 38 ಸಾವಿರಕ್ಕೆ ಇಳಿದರು. ಬ್ರಿಟಿಷ್ ಪ್ರಾಂತಗಳಲ್ಲಿಯೇ ಐವತ್ತು ಲಕ್ಷಕ್ಕೆ ಮಿಗಿಲಾದ ಮಂದಿ ಮಡಿದರೆಂದು ಸರ್ಕಾರದ ಕ್ಷಾಮ ಆಯೋಗವೇ ಒಪ್ಪಿಕೊಂಡಿತು.

ಹಣದ ಲೆಕ್ಕವೂ ಇಷ್ಟೇ ಬೋಧಪ್ರದವಾದುದು. ಕ್ಷಾಮಕ್ಕೆ ಮುನ್ನ ಮೈಸೂರಿನ ಬೊಕ್ಕಸದಲ್ಲಿ ಕೂಡಿಟ್ಟಿದ್ದ 63 ಲಕ್ಷ ರೂಪಾಯಿ ಕರಗಿ, ಅದರ ಮೇಲೆ 80 ಲಕ್ಷ ರೂಪಾಯಿ ಸಾಲ ಬೆಳೆಯಿತು. ಪರಿಹಾರದ ನೀತಿಯನ್ನು ರೂಪಿಸಿದವರು, ನಡೆಸಿದವರು, ವೆಚ್ಚಮಾಡಿದವರು ಬ್ರಿಟಿಷ್ ಅಧಿಕಾರಿಗಳು. ಸಾಲದ ಪತ್ರ ಮಾತ್ರ ಮೈಸೂರಿನ ಹೆಸರಿಗೆ. 1799ರ ಒಪ್ಪಂದದಂತೆ ಮೈಸೂರು ಬ್ರಿಟಿಷರಿಗೆ ತೆರಬೇಕಾಗಿದ್ದ, ವರ್ಷಕ್ಕೆ 24 ಲಕ್ಷ 50 ಸಾವಿರ ರೂಪಾಯಿಯಿದ್ದ ಪೊಗದಿಯನ್ನು 1881ರಲ್ಲಿ ರಾಜ್ಯವನ್ನು ಹಿಂದಿರುಗಿಸುವಾಗ 35 ಲಕ್ಷಕ್ಕೆ ಏರಿಸಲಾಯಿತು. ಸಾಲದ ಭಾರವನ್ನು ಕಂಡು ಆ ಏರಿಕೆಯನ್ನು 1896ರವರೆಗೆ ಮುಂದೂಡಿದರೆಂಬುದೊಂದೇ ತೋರಿದ ದಯೆ. ರಂಗಾಚಾರ್ಲು ದಿವಾನಗಿರಿಯನ್ನು ವಹಿಸಿದೊಡನೆ ಕೈಗೊಂಡ ಕೆಲಸಗಳಲ್ಲಿ ವೆಚ್ಚವನ್ನು ಕಡಿಮೆಮಾಡುವುದೇ ಮುಖ್ಯವಾಯಿತು. ಹಾಸನ, ಚಿತ್ರದುರ್ಗ ಜಿಲ್ಲೆಗಳನ್ನೇ ಕೆಲಕಾಲ ರದ್ದುಪಡಿಸಬೇಕಾಯಿತು. ಅಷ್ಟರಲ್ಲಿ, 1879ರಲ್ಲಿ, ಲಿಟ್ಟನನು ತನ್ನ ಸಭೆಯ ಬಹುಮತವನ್ನೂ ಮೀರಿ, ಇಂಗ್ಲೆಂಡಿನ ಒರಟು ಹತ್ತಿಬಟ್ಟೆಗಳ ಮೇಲಿನ ಆಮದು ಸುಂಕವನ್ನು ತೆಗೆದುಹಾಕಿದ್ದನು. ಹಸಿದವನ ಕೂಲಿಗೆ ಅಡ್ಡಬಂದ ಮಿತವ್ಯಯವು ಮ್ಯಾಂಚೆಸ್ಟರಿನ ಲಾಭಕ್ಕೆ ಅಡ್ಡಬರಲಿಲ್ಲ.

4

ಭಾರತದ ಸಂಪತ್ತು ಪ್ರತಿವರ್ಷವೂ ಹೊರದೇಶಕ್ಕೆ ಸೋರಿಹೋಗುತ್ತಿದೆಯೆಂದು ದಾದಾಭಾಯಿ ನವರೋಜಿಯವರು ಅಂಕಿಸಂಖ್ಯೆಗಳಿಂದ ವಾದಿಸಿದುದು ಇದೇ 1876ರ ಸುಮಾರಿನಲ್ಲಿ. ಆ ಸೋರಿಕೆ ಮನುಷ್ಯಜೀವಕ್ಕೆ ಹೇಗೆ ತಗುಲಿತೆಂಬುದಕ್ಕೆ ಮೈಸೂರು ನಿದರ್ಶನ. ಕ್ಷಾಮದ ಅನಂತರ ಬಂದ ಕ್ಷಾಮಸಂಹಿತೆಗಳೂ, ಕಾಮಗಾರಿಗಳೂ, ಬೆಂಗಳೂರು ಮೈಸೂರು ರೈಲುಮಾರ್ಗವೂ ಪ್ರಯೋಜನಕರವಾದುವೇ. ಆದರೆ ಅವು ಸತ್ತವರ ವಾರಸುದಾರರು ತೆತ್ತ ಕಂದಾಯದಿಂದ ಕೊಂಡ ಪ್ರಯೋಜನಗಳೆಂಬುದನ್ನು ಮರೆಯಲಾಗದು.

ಮೇಲಣ ವಿವೇಚನೆಯಿಂದ ಹೊರಡುವ ನಿರ್ಣಯವಿಷ್ಟು: ಅನಾವೃಷ್ಟಿಯು ಪ್ರಕೃತಿಯಿಂದ ಬಂದಿತು, ಅದು ಮಹಾಮರಣವಾಗಿ ಪರಿಣಮಿಸಿದುದು, ಪ್ರಜೆಗಳಿಗೆ ಉತ್ತರ ಹೇಳಬೇಕಾದ ಕಟ್ಟುಪಾಡಿಲ್ಲದ ಒಂದು ಸರ್ಕಾರದ ತೀರ್ಮಾನಗಳಿಂದ, ಆ ತೀರ್ಮಾನಗಳ ಬೆಲೆಯನ್ನು ಜೀವದಿಂದಲೂ ಹಣದಿಂದಲೂ ಎರಡು ಬಾರಿ ತೆತ್ತವರು ಪ್ರಜೆಗಳೇ. ಅಧಿಕಾರಿಗಳ ವರದಿಗಳು ನಮಗೆ ಮೊತ್ತಗಳನ್ನು ಕೊಟ್ಟಿವೆ. ಊರುಗಳನ್ನೂ ಮನೆತನಗಳನ್ನೂ ಕೊಟ್ಟಿಲ್ಲ. ಶಾನುಭೋಗರ ಕಡತಗಳು, ಕೆರೆಗಳ ದಾಖಲೆಗಳು, ಬೇಚಿರಾಕ್ (ಜನರಿಲ್ಲದೆ ಹಾಳುಬಿದ್ದ) ಗ್ರಾಮಗಳ ಪಟ್ಟಿಗಳು ಗೆದ್ದಲಿಗೆ ಆಹಾರವಾಗುವ ಮುನ್ನ, ಒಂದೊಂದು ತಾಲ್ಲೂಕನ್ನು ಒಬ್ಬೊಬ್ಬರು ಕೈಗೆತ್ತಿಕೊಂಡು ಈ ಅಧ್ಯಯನವನ್ನು ಪೂರ್ಣಗೊಳಿಸಬೇಕೆಂದು ತರುಣ ಸಂಶೋಧಕರನ್ನು ಪ್ರಾರ್ಥಿಸುತ್ತೇನೆ.