ಪೆಟ್ರೋಲ್ ಪೈಪು ಹಿಡಿದ ದಾರಿ

1920ರ ದಶಕದ ನಡುಭಾಗದವರೆಗೆ ಬಹುತೇಕ ಮೋಟರ್‌ಸೈಕಲ್‌ಗಳ ಪೆಟ್ರೋಲ್ ಟ್ಯಾಂಕ್ ಬರೀ ಚಪ್ಪಟೆ ಡಬ್ಬಿ. ಫ್ರೇಮಿನ ಮೇಲಿನ ಎರಡು ಕೊಳವೆಗಳ ನಡುವೆ ಕೂರುತ್ತಿತ್ತು. ತಳದಿಂದ ಹೊರಟ ಸಣ್ಣ ತಾಮ್ರದ ಪೈಪು ಕಾರ್ಬುರೇಟರ್ ಸೇರಿದರೆ ಅಲ್ಲಿಗೆ ಮುಗಿಯಿತು. ದಶಕ ಕಳೆಯುವಷ್ಟರಲ್ಲಿ ಬ್ರಿಟಿಷ್ ಕಂಪನಿಗಳು ಟ್ಯಾಂಕನ್ನು ಕುದುರೆಗೆ ಜೀನು ಹಾಕಿದ ಹಾಗೆ ಕೊಳವೆಯ ಮೇಲೆಯೇ ಕೂರಿಸತೊಡಗಿದವು. ನೋಟ ಚೆಂದವಾಯಿತು, ಪೆಟ್ರೋಲೂ ಹೆಚ್ಚು ಹಿಡಿಯಿತು. ಆದರೆ ಟ್ಯಾಂಕ್ ಎಡಬಲಕ್ಕೆ ಎರಡು ಹೊಟ್ಟೆಗಳಾಗಿ ಇಳಿಬಿದ್ದಿದ್ದರಿಂದ, ಪೆಟ್ರೋಲ್ ತಳ ಕಂಡಾಗ ಒಂದು ಬದಿಯದು ಇನ್ನೊಂದಕ್ಕೆ ದಾಟದೆ ಅಲ್ಲೇ ಉಳಿಯುತ್ತಿತ್ತು. ಎರಡರ ತಳವನ್ನೂ ಜೋಡಿಸುವ ಅಡ್ಡಪೈಪು ಹುಟ್ಟಿದ್ದು ಹೀಗೆ. ಕೆಲವರು ಬದಿಗೊಂದು ಟ್ಯಾಪ್ ಇಟ್ಟರು. ಹಳೆಯ ಬೈಕ್ ರಿಪೇರಿಗೆ ಕೂತವರ ಕೈಯಲ್ಲಿ ಕೊನೆಗೆ ಉಳಿದು ತಬ್ಬಿಬ್ಬು ಮಾಡುವ, ಕಾರ್ಬುರೇಟರ್ ಕಡೆಗೇ ಹೋಗದ ಪೈಪು ಬಹಳ ಸಲ ಇದೇ.

ಆ ಬೈಕ್‌ಗಳಲ್ಲಿ ಪಂಪ್ ಇಲ್ಲ. ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿಯಬೇಕು. ಪೈಪು ನಡುವೆ ಮೇಲೆದ್ದು ಬಾಗಿದರೆ ಗಾಳಿ ಸಿಕ್ಕಿಕೊಂಡು ಹರಿವು ಕುಂಟುತ್ತದೆ. ಸಿಲಿಂಡರಿಗೆ ತೀರಾ ಹತ್ತಿರ ಹೋದರೆ ಒಳಗಿನ ಪೆಟ್ರೋಲ್ ಬಿಸಿಗೆ ಆವಿಯಾಗುತ್ತದೆ. ತಾಮ್ರದ ಪೈಪಿಗೆ ನಡುವೆ ಒಂದು ಸುತ್ತು ಹಾಕುತ್ತಿದ್ದುದು ಎಂಜಿನ್ನಿನ ಅದುರಾಟಕ್ಕೆ ಲೋಹ ಬಿರಿಯದಿರಲೆಂದು. ಮಾಮೂಲಿ ರಬ್ಬರ್ ಹಾಕೋಣವೆಂದರೆ ಅದು ಪೆಟ್ರೋಲಿನಲ್ಲಿ ಊದಿಕೊಳ್ಳುತ್ತಿತ್ತು. 1930ರ ದಶಕದಲ್ಲಿ ಜರ್ಮನಿಯಲ್ಲಿ ತಯಾರಾದ ನೈಟ್ರೈಲ್ ರಬ್ಬರ್ ಪೆಟ್ರೋಲನ್ನು ತಾಳಿಕೊಂಡಿತು. ಬಾಗುವ ಪೈಪಿಗೆ ಹಾದಿಯಾಯಿತು.

ಮೈಸೂರಿನ ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1961ರಿಂದ ಚೆಕ್ ವಿನ್ಯಾಸದ 250 ಸಿಸಿ ಟೂ ಸ್ಟ್ರೋಕ್ ಬೈಕ್‌ಗಳನ್ನು ಕಟ್ಟಿತು. ಮುಂದೆ ಅವೇ ಯೆಜ್ಡಿ ಹೆಸರಿನಲ್ಲಿ 1996ರವರೆಗೆ ಹೊರಬಂದವು. ಒಂದು ಸಿಲಿಂಡರ್, ಒಂದು ಕಾರ್ಬುರೇಟರ್. ಹೆಚ್ಚಿನ ಮಾದರಿಗಳಲ್ಲಿ ಆಯಿಲನ್ನು ಪೆಟ್ರೋಲಿಗೇ ಬೆರೆಸುತ್ತಿದ್ದುದರಿಂದ ಅದಕ್ಕೆ ಬೇರೆ ಪೈಪಿನ ಗೊಡವೆಯೂ ಇರಲಿಲ್ಲ. ಟ್ಯಾಪಿಗೆ ಟ್ಯಾಂಕಿನೊಳಗೆ ಎತ್ತರದ ಬಾಯೊಂದು, ರಿಸರ್ವಿಗೆ ಗಿಡ್ಡದೊಂದು. ಎಂಜಿನ್ ಮುಗ್ಗರಿಸಿದರೆ ಸವಾರ ಗಾಡಿ ನಿಲ್ಲಿಸದೆಯೇ ಕೈ ಇಳಿಸಿ ಟ್ಯಾಪ್ ತಿರುಗಿಸುತ್ತಿದ್ದ. ಈ ಸರಳತೆಯಿಂದಲೇ ಜಾವಾದ ಪೆಟ್ರೋಲ್ ದಾರಿ ನಮ್ಮ ಊರೂರಿನ ಗ್ಯಾರೇಜುಗಳಿಗೆ ಕರತಲಾಮಲಕವಾಯಿತು.

ಜಪಾನಿನವರು ಲೆಕ್ಕ ಬದಲಿಸಿದರು. 1969ರ ಹೋಂಡಾ ಸಿಬಿ 750ಕ್ಕೆ ನಾಲ್ಕು ಸಿಲಿಂಡರ್, ನಾಲ್ಕು ಕಾರ್ಬುರೇಟರ್. ಟ್ಯಾಪಿನಿಂದ ಹೊರಟ ಎರಡು ಪೈಪುಗಳು ತಲಾ ಎರಡಕ್ಕೆ ಪೆಟ್ರೋಲ್ ಹಂಚುತ್ತಿದ್ದವು. 1970ರ ದಶಕದ ಕೊನೆಯ ಸುಝುಕಿ ಜಿಎಸ್ 750ರಂಥವಕ್ಕೆ ವ್ಯಾಕ್ಯೂಮ್ ಟ್ಯಾಪ್ ಬಂತು. ಎಂಜಿನ್ ಓಡುವಾಗ ಅದರ ಎಳೆತ ಒಂದು ಸಪೂರ ಪೈಪಿನ ಮೂಲಕ ಟ್ಯಾಪಿನ ಪೊರೆಯನ್ನು ಸೆಳೆದು ಪೆಟ್ರೋಲ್ ಬಿಡುತ್ತದೆ. ಎಂಜಿನ್ ನಿಂತರೆ ಪೆಟ್ರೋಲೂ ನಿಲ್ಲುತ್ತದೆ. ಇದು ನಿಜಕ್ಕೂ ಜಾಣ ಏರ್ಪಾಡು. ಆದರೆ ಆ ಸಪೂರ ಪೈಪನ್ನು ಗಾಳಿ ಪೈಪೆಂದು ತಿಳಿದು ಹಾಗೇ ಬಿಟ್ಟರೆ ಟ್ಯಾಪ್ ತೆರೆಯುವುದೇ ಇಲ್ಲ, ಜೊತೆಗೆ ಎಂಜಿನ್ ಅಡ್ಡದಾರಿಯಲ್ಲಿ ಗಾಳಿ ಎಳೆದುಕೊಳ್ಳುತ್ತದೆ. ಪೊರೆ ಹರಿದಿದ್ದರಂತೂ ಪೆಟ್ರೋಲ್ ಅದೇ ಪೈಪಿನಲ್ಲಿ ಎಂಜಿನ್ನಿಗೆ ನುಗ್ಗಿ ಆಯಿಲನ್ನು ತೆಳುವಾಗಿಸುತ್ತದೆ.

ಟ್ಯಾಂಕಿಗೂ ಉಸಿರು ಬೇಕು. ಹಳೆಯ ಬೈಕ್‌ಗಳಲ್ಲಿ ಅದಕ್ಕೆ ಮುಚ್ಚಳದ ಸಣ್ಣ ತೂತೇ ಸಾಕಾಗಿತ್ತು. ಅದು ಕಟ್ಟಿಕೊಂಡರೆ ಕೆಲವು ಕಿಲೋಮೀಟರ್ ಓಡಿದ ಬೈಕ್ ಪೆಟ್ರೋಲ್ ಮುಗಿದಂತೆ ನಿಲ್ಲುತ್ತದೆ, ಮುಚ್ಚಳ ತೆರೆದರೆ ಮತ್ತೆ ಓಡುತ್ತದೆ. ಆವಿ ಹೊರಹೋಗದಂತೆ ತಡೆಯುವ ಕಾನೂನು ಬಂದ ಮೇಲೆ ಈ ಉಸಿರಿಗೂ ಒಂದು ಪೈಪು ಬಂತು, ಅದರ ತುದಿಗೆ ಇದ್ದಿಲಿನ ಡಬ್ಬಿ.

2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆಯಾದ ಶೇ. 20 ಎಥನಾಲ್ ಬೆರೆತ ಪೆಟ್ರೋಲ್ ಈ ಚರಿತ್ರೆಯ ಇತ್ತೀಚಿನ ತಿರುವು. ಹಳೆಯ ರಬ್ಬರ್ ಪೈಪು, ವಾಷರ್‌ಗಳು ಅದಕ್ಕೆಂದು ತಯಾರಾದವಲ್ಲ. ಊದುತ್ತವೆ, ಬಿರುಕು ಬಿಡುತ್ತವೆ. ಹಾಗಾಗಿ ಜಾವಾ, ಯೆಜ್ಡಿಗಳನ್ನು ಪ್ರೀತಿಯಿಂದ ಸಾಕುತ್ತಿರುವವರು ಈಗ ಎಥನಾಲ್ ತಾಳುವ ಪೈಪನ್ನೇ ಕೇಳಿ ತರಬೇಕು, ಹಳೆಯದರ ಒಳ ಅಳತೆ, ಇಳಿಜಾರು ಎರಡನ್ನೂ ಹಾಗೆಯೇ ಉಳಿಸಿ ಹಾಕಬೇಕು.